ಸೋರಬೇಕಾದ ತೂತು

ಅಕ್ಷತಾಳ ಸಿಟ್ಟು ಬನಹಟ್ಟಿಯ ಕೈಗಾರಿಕಾ ವಸಾಹತಿನಲ್ಲಿ ಎಲ್ಲರಿಗೂ ಪರಿಚಿತ. ಚಹಾ ತರುವವನು ಬಾಗಿಲಲ್ಲೇ ನಿಂತು "ಅಕ್ಕಾರು ಇವತ್ತ ಹೆಂಗದಾರ?" ಎಂದು ವಿಚಾರಿಸಿಕೊಂಡು ಒಳಗೆ ಬರುತ್ತಾನೆ. ಇದರಲ್ಲಿ ಅರ್ಧ ತಪ್ಪು ಅವಳ ಗಂಟಲಿನದು. ಹಗಲೂ ರಾತ್ರಿ ಪಾವರ್‌ಲೂಮ್ ಬಡಿಯುವ ಮನೆಯಲ್ಲಿ ಹುಟ್ಟಿ ಬೆಳೆದವಳು. ಮೆತ್ತಗೆ ಕರೆದರೆ ಊಟಕ್ಕೆ ಕರೆದದ್ದೂ ಕೇಳಿಸದ ಮನೆ ಅದು. ಹೀಗಾಗಿ "ಉಪ್ಪಿಟ್ಟು ಛಲೋ ಆಗೇತಿ" ಎಂದು ಅವಳು ಹೊಗಳಿದರೂ ಹೊಸಬರು ಬೆಚ್ಚಿಬೀಳುತ್ತಾರೆ. ಉಳಿದರ್ಧ ಮಾತ್ರ ಅಸಲಿ ಸಿಟ್ಟು. ಅದು ಸುಮ್ಮಸುಮ್ಮನೆ ಬಂದದ್ದನ್ನು ನಾನಂತೂ ಕಂಡಿಲ್ಲ.

ಜಮಖಂಡಿಯಲ್ಲಿ ಡಿಪ್ಲೊಮಾ ಮುಗಿಸಿದ ಮೇಲೆ ಅವಳು ಸೇರಿದ್ದು ಶಿದ್ರಾಮಪ್ಪನವರ ಪ್ಲಾಸ್ಟಿಕ್ ಕಾರ್ಖಾನೆಗೆ. ಕಾರ್ಖಾನೆ ಎಂದರೆ ದೊಡ್ಡ ಮಾತಾಯಿತು. ತಗಡಿನ ಶೆಡ್ಡು, ಪ್ಲಾಸ್ಟಿಕ್ ಕರಗಿಸಿ ಅಚ್ಚಿಗೆ ತುಂಬುವ ಮಷಿನ್ನುಗಳು, ಲೋಹ ಕಡೆಯುವ ಒಂದು ಲೇಥು, ಮೂಲೆಯಲ್ಲಿ ಒಂದು ನೀರಿನ ತೊಟ್ಟಿ. ಮಗ್ಗದವರಿಗೆ ನೂಲು ಸುತ್ತುವ ಕಂಡಿಕೆ, ಕಬ್ಬಿನ ಹೊಲದವರಿಗೆ ಪೈಪಿನ ಜಾಯಿಂಟು, ಅದರ ಬಾಯಿ ಮುಚ್ಚುವ ಬುಚ್ಚು, ಇಷ್ಟೇ ಅಲ್ಲಿನ ಮಾಲು. ಆ ನೀಲಿ ಜಾಯಿಂಟಿಗೆ ಕೃಷ್ಣೆಯ ದಂಡೆಯ ಹಳ್ಳಿಗಳಲ್ಲಿ ಬಹಳ ಹೆಸರು. ಪ್ರತಿಯೊಂದನ್ನೂ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಬಿಟ್ಟು ನೋಡುತ್ತಾರೆ. ಒಂದು ಗುಳ್ಳೆ ಎದ್ದರೂ ಅದು ಕಸದ ಬುಟ್ಟಿಗೆ. "ನಮ್ಮ ಜಾಯಿಂಟ್ ಸೋರಂಗಿಲ್ಲ" ಎಂದು ಶಿದ್ರಾಮಪ್ಪ ಹೇಳಿದರೆ ರೈತರು ಮರುಮಾತಾಡದೆ ಒಯ್ಯುತ್ತಾರೆ. ಹೊಸ ಮಾಲಿನ ನಕ್ಷೆ ತೆಗೆಯುವುದು, ಅದಕ್ಕೆ ಅಚ್ಚು ಮಾಡಿಸುವುದು ಅಕ್ಷತಾಳ ಕೆಲಸ.

ಕೊರೋನಾ ಕಾಲದಲ್ಲಿ ಊರಿನ ಧರ್ಮಾರ್ಥ ಸಂಸ್ಥೆಯೊಂದು ದಾನಿಗಳಿಂದ ಆಕ್ಸಿಜನ್ ಮಷಿನ್ನುಗಳನ್ನು ಸಂಗ್ರಹಿಸಿತ್ತು. ರೋಗ ಇಳಿದ ಮೇಲೆ ಅವು ಗೋದಾಮಿನಲ್ಲಿ ಧೂಳು ಹಿಡಿಯತೊಡಗಿದವು. ಸಂಸ್ಥೆಯ ಅಧ್ಯಕ್ಷ ಸುಭಾಷ್, ನೂಲಿನ ವ್ಯಾಪಾರಿ, ಅವುಗಳನ್ನು ಮನೆಯಲ್ಲಿ ಮಲಗಿದ ರೋಗಿಗಳಿಗೆ ಎರವಲು ಕೊಡುವ ಯೋಜನೆ ಹಾಕಿದರು. ಒಳ್ಳೆಯ ಯೋಜನೆಯೇ. ತಂಬಾಕು ಜಗಿದೂ ಜಗಿದೂ ಗಂಟಲಿಗೆ ಹುಣ್ಣಾಗಿ, ಮೂಗಿನ ದಾರಿ ಮುಚ್ಚಿ, ಕತ್ತಿಗೆ ತೂತು ಮಾಡಿ ನಳಿಕೆ ಕೂರಿಸಿಕೊಂಡವರು ನಮ್ಮ ಕಡೆ ಕಡಿಮೆಯೇನಿಲ್ಲ. ಅವರು ಉಸಿರಾಡುವುದು ಆ ನಳಿಕೆಯಿಂದಲೇ. ಆದರೆ ಮಷಿನ್ನಿನ ಸಣ್ಣ ಪೈಪು ಆ ನಳಿಕೆಯ ಬಾಯಿಗೆ ಕೂರುವುದಿಲ್ಲ. ಎರಡನ್ನೂ ಕೂಡಿಸಲು ನಡುವೆ ಒಂದು ಕನೆಕ್ಟರ್ ಬೇಕು. ಹೊರಗಿನದು ದುಬಾರಿ ಎಂದು ಸುಭಾಷ್ ಅವರು ಶಿದ್ರಾಮಪ್ಪನವರ ಬಳಿ ಬಂದರು. ಶಿದ್ರಾಮಪ್ಪ ಅಕ್ಷತಾಳನ್ನು ಕರೆದರು.

ಅವಳು ಆ ಕೆಲಸಕ್ಕೆ ಜೀವ ಕೊಟ್ಟಳು. ನಳಿಕೆಯ ಬಾಯಿಯ ಅಳತೆ ಜಗತ್ತಿನಲ್ಲೆಲ್ಲ ಒಂದೇ ಎಂಬುದನ್ನು ಓದಿ ತಿಳಿದಳು. ಒತ್ತಿ ತುಸು ತಿರುವಿದರೆ ಕನೆಕ್ಟರ್ ಹಿಡಿಯಬೇಕು, ತಿರುವಿ ಎಳೆದರೆ ತಟ್ಟನೆ ಬಿಡಬೇಕು. ಅಷ್ಟು ಹದವಾದ ಇಳಿಜಾರು ಒಳಮೈಗೆ ಬೇಕು. ಅದು ಕೈಗೆ ಸಿಗುವವರೆಗೆ ಲೇಥ್ ಬಿಟ್ಟು ಏಳಲಿಲ್ಲ. ಬೇರೆ ಪ್ಲಾಸ್ಟಿಕ್, ಬೇರೆ ಕೋಣೆ, ಪರವಾನಗಿ, ಎಲ್ಲ ಆಯಿತು. ಕನೆಕ್ಟರಿನ ಒಂದು ಬದಿಗೆ ಆಕ್ಸಿಜನ್ ಬರುವ ಮೂತಿ, ಎದುರು ಬದಿಗೆ ಒಂದು ತೂತು. ಆ ತೂತು ಬಹಳ ಮುಖ್ಯ. ಗಾಳಿ ಒಳಗೆ ಹೋದಷ್ಟೇ ಹೊರಗೂ ಬರಬೇಕಲ್ಲ? ಹೊರದಾರಿ ಇಲ್ಲದಿದ್ದರೆ ಮಷಿನ್ನು ಎದೆಗೆ ಗಾಳಿ ತುಂಬುತ್ತಲೇ ಹೋಗುತ್ತದೆ, ಒಳಗಿನ ಉಸಿರು ಒಳಗೇ ಸಿಕ್ಕಿಕೊಳ್ಳುತ್ತದೆ.

ಮೊದಲ ತಿಂಗಳಲ್ಲೇ ದೂರು ಬರತೊಡಗಿತು. ಎಲ್ಲರದೂ ಒಂದೇ ರಾಗ: ಜಾಯಿಂಟ್ ಸೋರುತ್ತದೆ.

"ಸುಂಯ್ ಅಂತ ಗಾಳಿ ಹೊಂಟೈತಂತ್ರಿ," ಎಂದು ಸುಭಾಷ್ ಆಫೀಸಿಗೆ ಬಂದು ಕುಳಿತರು. "ಪುಣ್ಯಾದ ಗಾಳಿ ಬಯಲಿಗೆ ಹೋಗಾಕತ್ತೈತಿ. ಆ ತೂತ ಬಂದ್ ಮಾಡಿ ಕೊಡ್ರಲ್ಲ ಶಿದ್ರಾಮಪ್ಪಾರ."

ಶಿದ್ರಾಮಪ್ಪನವರ ಮುಖ ಸಣ್ಣದಾಯಿತು. ಸೋರುತ್ತದೆ ಎಂಬ ಮಾತನ್ನು ಅವರು ಜನ್ಮದಲ್ಲಿ ಕೇಳಿದವರಲ್ಲ. "ತುಸು ಸಣ್ಣದರ ಮಾಡೂನಲ್ಲ ತಂಗಿ," ಎಂದರು.

"ಸಾವ್ಕಾರ್ರ, ನಿಮ್ಮ ಮೂಗ ಸೋರತೈತಂತ ಬಂದ್ ಮಾಡ್ತೀರೇನ್ರಿ?" ಎಂದು ಅಕ್ಷತಾ ಮೇಜು ಗುದ್ದಿದಳು. ಹೊರಗೆ ಮಷಿನ್ನಿನ ಸದ್ದಿನ ಮೇಲೂ ಅದು ಕೇಳಿಸಿತು. "ಆ ತೂತ ಬಂದ್ ಆದ್ರ ಮನಷ್ಯಾ ಸಾಯ್ತಾನು. ಅದು ಸೋರಬೇಕು. ಸೋರೂದ ಅದರ ಕೆಲಸ."

ತೂತು ಉಳಿಯಿತು. ಅವಳು ಗೆದ್ದಳು. ಮುಂದಿನ ವಾರ ಸಂಸ್ಥೆಯ ಸಮಾರಂಭದಲ್ಲಿ ಶಿದ್ರಾಮಪ್ಪನವರಿಗೆ ಶಾಲು ಹೊದಿಸಿದರು, ಸುಭಾಷ್ ಅವರಿಗೂ ಹೊದಿಸಿದರು, ಮೈಕಿನವನಿಗೂ ಒಂದು ಹಾರ ಹಾಕಿದರು. ಅಕ್ಷತಾಳ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಹೊಟ್ಟೆ ಉರಿಯದೆ ಇರುತ್ತದೆಯೇ? ಉರಿಯಿತು. ಆದರೂ ಆ ತೂತನ್ನು ಉಳಿಸಿದ್ದು ತಾನು ಎಂಬ ಸಮಾಧಾನದಲ್ಲಿ ಅವಳು ಒಂದಷ್ಟು ದಿನ ತಲೆ ಎತ್ತಿಕೊಂಡೇ ಓಡಾಡಿದಳು.

ಆಮೇಲೆ ಹಿಪ್ಪರಗಿಯಿಂದ ಸುದ್ದಿ ಬಂತು. ಕತ್ತಿಗೆ ನಳಿಕೆ ಹಾಕಿಸಿಕೊಂಡಿದ್ದ ಸತ್ಯವ್ವ ಎಂಬಾಕೆ ಉಸಿರುಕಟ್ಟಿ ಸಾಯುವಂತಾಗಿ ಜಮಖಂಡಿಯ ಆಸ್ಪತ್ರೆ ಸೇರಿದ್ದಳು. ಗಂಡ ಜಕ್ಕಪ್ಪ ಕನೆಕ್ಟರಿನ ತೂತನ್ನು ರಬ್ಬರು ಸುತ್ತಿ ಮುಚ್ಚಿಬಿಟ್ಟಿದ್ದ. ಕೇಳಿದ್ದೇ ಅಕ್ಷತಾಳ ಮೈಯೆಲ್ಲ ಉರಿಯಿತು. ಇಷ್ಟು ಹೇಳಿದರೂ, ಇಷ್ಟು ಜಗಳಾಡಿ ಉಳಿಸಿದರೂ, ಕಡೆಗೆ ಒಬ್ಬ ಮುದುಕ ಹಾಸಿಗೆಯ ಪಕ್ಕ ಕುಳಿತು ಮುಚ್ಚಿಬಿಡುವುದೇ? ಆಕೆ ಮನೆಗೆ ಬಂದಳು ಎಂದು ತಿಳಿದ ದಿನವೇ ಅವಳು ಸ್ಕೂಟಿ ಹತ್ತಿದಳು. ಹಾಲು ಹಣ್ಣು ಕೊಂಡು ನೋಡಲು ಹೋದದ್ದಲ್ಲ; ಬೈಯಲು ಹೋದದ್ದು.

ಜಕ್ಕಪ್ಪನ ಮನೆ ಊರ ಹೊರಗೆ, ಕಬ್ಬಿನ ಬದಿಗೆ. ಬೀರೇಶ್ವರನ ಒಕ್ಕಲು, ಹಿಂದೆ ಕುರಿ ಇದ್ದವು, ಈಗ ತುಂಡು ಹೊಲ. ಸತ್ಯವ್ವ ಹೊರಸಿನ ಮೇಲೆ ಗೋಡೆಗೆ ಒರಗಿ ಕುಳಿತಿದ್ದಳು. ಕತ್ತಿನ ನಳಿಕೆಯ ಮುಂದೆ ಆಸ್ಪತ್ರೆಯವರು ಕೊಟ್ಟ ಬಾಯಿ ತೆರೆದ ಮಾಸ್ಕು ಸಡಿಲವಾಗಿ ತೂಗುತ್ತಿತ್ತು. ಗಂಟಲಿನಿಂದ ಮಾತು ಹೋಗಿ ವರ್ಷವಾಗಿತ್ತು, ಆದರೆ ಕಣ್ಣು ಚುರುಕು. ಜಕ್ಕಪ್ಪ ಬಾಗಿಲ ಬಳಿ ಕುಕ್ಕುರುಗಾಲಲ್ಲಿ ಕುಳಿತಿದ್ದ. ಅವಳು ಯಾರೆಂದು ತಿಳಿಯುತ್ತಲೇ ಎದ್ದು ನಿಂತ, ಮತ್ತೆ ಕುಳಿತ.

"ಕಾಕಾ, ಏನ ಮಾಡಿದ್ರಿ ಇದು?" ಎಂದಳು ಅಕ್ಷತಾ. ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ಮಾತುಗಳಲ್ಲಿ ಇದೇ ಎಲ್ಲಕ್ಕಿಂತ ಮೆತ್ತಗಿನದು.

"ಸುಂಯ್ ಅಂತ ಗಾಳಿ ಹೊಂಟಿತ್ತವ್ವಾ," ಎಂದ ಜಕ್ಕಪ್ಪ. "ನೋಡಿದ್ನಿ, ಒಂದ ಬಾಯಿ ಬಯಲ ಐತಿ. ಬುಚ್ಚ ಹಾಕಾಕ ಮರತಾರ ಅನಕೊಂಡ್ನಿ. ಮಂದಿ ಪುಕ್ಕಟ ಕೊಟ್ಟ ಗಾಳಿ ಹಂಗ ಹಾಳ ಮಾಡೂದು ಪಾಪ ಅಲ್ಲೇನ? ಸೈಕಲ್ ಟ್ಯೂಬ್ ಕತ್ತರಿಸಿ ಬಿಗದ್ ಸುತ್ತಿದ್ನಿ. ಸದ್ದ ನಿಂತಿತು. ನನಗ ಬಾಳ ಖುಷಿ ಆತು."

ಅವನು ಅಲ್ಲಿಗೆ ನಿಲ್ಲಿಸಿದ. ಮಣಿಕಟ್ಟು ಸವರಿಕೊಂಡು ಮತ್ತೆ ಮುಂದುವರಿಸಿದ.

"ಅಕಿ ಒದ್ಯಾಡಾಕತ್ಲು. ಗಾಳಿ ಸಾಲವಲ್ದು ಅಂತ ಮಷಿನ್ ಇನ್ನಷ್ಟ ಜೋರ ಮಾಡಿದ್ನಿ. ಕಿತ್ತಕೊಳ್ಳಾಕ ಬಂದ್ಲು. ಕಿತ್ತರ ಸತ್ತ ಹೋಗತಾಳು ಅಂತ ಅಕಿ ಎರಡೂ ಕೈ ಹಿಡದ್ನವ್ವಾ. ಗಟ್ಟಿ ಹಿಡದ್ನಿ. ನನ್ನ ಕೈ ಕಚ್ಚಿ ಬಿಡಿಸಿಕೊಂಡ್ಲು. ಕಚ್ಚಲಿಲ್ಲಂದ್ರ..."

ಅವನ ಮಣಿಕಟ್ಟಿನಲ್ಲಿ ಹಲ್ಲಿನ ಗುರುತು ಇನ್ನೂ ಹಸಿಯಾಗಿತ್ತು. ಸತ್ಯವ್ವ ಹೊರಸಿನ ಮರದ ಪಟ್ಟಿಯನ್ನು ಬಳೆಯಿಂದ ಟಕಟಕ ಬಡಿದು, ಸಾಕು ಎಂಬಂತೆ ಕೈ ಅಲ್ಲಾಡಿಸಿದಳು. ಗಂಡ ಅದೇ ಕತೆಯನ್ನು ಬಂದವರಿಗೆಲ್ಲ ಹೇಳಿ ಹೇಳಿ ತನ್ನನ್ನೇ ಹಳಿದುಕೊಳ್ಳುತ್ತಿದ್ದುದು ಆಕೆಗೆ ಬೇಸರ ತಂದಿತ್ತು.

ಬೈಯಲು ಬಂದವಳ ಬಾಯಿ ಕಟ್ಟಿತು. ಆದರೂ ಸಿಟ್ಟು ಇಳಿದಿರಲಿಲ್ಲ. ಎಲ್ಲಿ ಇಳಿಸಬೇಕೆಂದು ತಿಳಿಯದೆ ಅವಳು ಹಿತ್ತಲಿಗೆ ಹೋಗಿ ನಿಂತಳು. ಅಲ್ಲಿ ಕಬ್ಬಿಗೆ ನೀರು ಹರಿಸುವ ಪೈಪಿನ ಸಾಲು ಬಿದ್ದಿತ್ತು. ಸಾಲಿನ ತುಂಬ ಶಿದ್ರಾಮಪ್ಪನವರ ನೀಲಿ ಜಾಯಿಂಟುಗಳು. ಬಳಕೆಯಲ್ಲಿಲ್ಲದ ಒಂದೊಂದು ಬಾಯಿಗೂ ಬುಚ್ಚು. ಬುಚ್ಚು ಕಳೆದುಹೋದ ಕಡೆ ಸೈಕಲ್ ಟ್ಯೂಬಿನ ಪಟ್ಟಿ, ಹೆಣೆದಂತೆ ನೀಟಾಗಿ ಸುತ್ತಿದ್ದು. ಊರಲ್ಲಿ ಯಾರ ಪೈಪು ಸೋರಿದರೂ ಜಕ್ಕಪ್ಪನನ್ನೇ ಕರೆಯುತ್ತಿದ್ದರಂತೆ.

ಅವಳು ತನ್ನ ಚೀಲದಿಂದ ಕನೆಕ್ಟರ್ ತೆಗೆದು ಆ ಜಾಯಿಂಟಿನ ಪಕ್ಕ ಹಿಡಿದಳು. ಅದೇ ನೀಲಿ. ಅದೇ ಉಂಗುರದಂಥ ಅಂಚು. ಅದೇ ಭುಜ, ಅದೇ ಬಾಯಿ. ಕಣ್ಣಿಗೆ ರೂಢಿಯಾದ ರೂಪವನ್ನೇ ಅವಳ ಕೈ ಮತ್ತೆ ಬರೆದಿತ್ತು. ಪ್ಲಾಸ್ಟಿಕ್ಕಿಗೆ ಬೆರೆಸುವ ನೀಲಿ ಪುಡಿ ಚಂದ ಕಾಣುತ್ತದೆ ಎಂದು ಆರಿಸಿದವಳೂ ಅವಳೇ. ಹೊಲದಲ್ಲಿ ಬಾಳೆಲ್ಲ ಸೋರುವ ಬಾಯಿ ಮುಚ್ಚಿಕೊಂಡು ಬಂದವನ ಕೈಗೆ ಇಂಥದ್ದನ್ನು ಕೊಟ್ಟು ಮುಚ್ಚಬೇಡ ಎಂದರೆ ಅವನೇನು ಮಾಡಬೇಕು? ಅದೂ ಹೇಳಿದ್ದಾದರೂ ಎಲ್ಲಿ? ಪೊಟ್ಟಣದ ಹಿಂದೆ ಇಂಗ್ಲಿಷಿನಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ. ಅಕ್ಷತಾಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಎರಡು ದಿನದ ಮೇಲೆ ಸುಭಾಷ್ ಅವರು ಜಕ್ಕಪ್ಪನನ್ನು ಕಾರ್ಖಾನೆಯ ಆಫೀಸಿಗೆ ಕರೆಸಿದರು. ಕುರ್ಚಿ ಖಾಲಿ ಇತ್ತು, ಕೂಡು ಎಂದು ಯಾರೂ ಹೇಳಲಿಲ್ಲ. ಜಕ್ಕಪ್ಪ ಹೆಗಲ ಕಂಬಳಿ ಹಿಡಿದುಕೊಂಡು ನಿಂತೇ ಇದ್ದ.

"ನಾವು ಧರ್ಮಾ ಮಾಡಾಕ ಹೋಗಿ ನೀ ನಮ್ಮ ತಲಿ ಮ್ಯಾಲೆ ತಂದಿಟ್ಟಿ," ಎಂದು ಸುಭಾಷ್ ಶುರು ಮಾಡಿದರು. "ತಿಳೀದಿದ್ರ ಕೇಳಬೇಕಿಲ್ಲ? ನಾಳೆ ಹೆಂಡತಿ ಸತ್ತಿದ್ರ ಕೇಸ್ ಯಾರ ಮ್ಯಾಲೆ ಆಗ್ತಿತ್ತು?"

"ತಪ್ಪಾತ್ರಿ," ಎಂದ ಜಕ್ಕಪ್ಪ. "ನಂದ ತಪ್ಪರಿ."

ಶಿದ್ರಾಮಪ್ಪ ಕೆಟ್ಟವರಲ್ಲ. ಆದರೆ ಅವರೂ "ಇನ್ನ ಮ್ಯಾಲೆ ಹಿಂಗ ಮಾಡಬ್ಯಾಡಪಾ" ಎಂದು ಹೇಳಿ ಕೈತೊಳೆದುಕೊಂಡರು. ಅಷ್ಟರಲ್ಲಿ ಅಕ್ಷತಾ ಖಾಲಿ ಕುರ್ಚಿಯನ್ನು ಕರಕರ ಎಳೆದು ತಂದು ಜಕ್ಕಪ್ಪನ ಹಿಂದೆ ಇಟ್ಟಳು.

"ಕೂಡ್ರಿ ಕಾಕಾ. ತಪ್ಪ ನಿಮ್ಮದಲ್ಲ," ಎಂದಳು. ಆಮೇಲೆ ಇಬ್ಬರ ಕಡೆ ತಿರುಗಿದಳು. "ತಪ್ಪ ನಂದು. ಹೊಲದ ಜಾಯಿಂಟಿನಂಗ ಮಾಡಿ ಕೊಟ್ಟೇನಿ, ಅವರು ಹೊಲದಾಗ ಮಾಡಿದಂಗ ಮಾಡ್ಯಾರ. ಇಂಥಾ ಮನಿ ಎಷ್ಟ ಅದಾವೋ ಯಾರಿಗ್ಗೊತ್ತು? ಕೊಟ್ಟದ್ದೆಲ್ಲ ತಿರುಗಿ ತರಸ್ರಿ. ನಾ ಬ್ಯಾರೆ ಮಾಡಿ ಕೊಡ್ತೇನಿ."

ಸುಭಾಷ್ ನಕ್ಕರು. ತಿರುಗಿ ತರಿಸಿದರೆ ಊರಲ್ಲಿ ಏನಂದುಕೊಳ್ಳುತ್ತಾರೆ, ಶಾಲು ಹೊದಿಸಿಕೊಂಡ ಫೋಟೋ ಇನ್ನೂ ವಾಟ್ಸಾಪಿನಲ್ಲಿ ತಿರುಗುತ್ತಿದೆ, ಒಬ್ಬ ಅನಕ್ಷರಸ್ಥ ಮಾಡಿದ್ದಕ್ಕೆ ಎಲ್ಲರೂ ತಲೆ ತಗ್ಗಿಸಬೇಕೇ ಎಂದು ಕೇಳಿದರು. ಕನ್ನಡದಲ್ಲಿ ಒಂದು ಚೀಟಿ ಅಂಟಿಸಿದರೆ ಸಾಕು ಎಂದು ತೀರ್ಮಾನವಾಯಿತು. ಅದೂ ಹೊಸ ಪೊಟ್ಟಣಗಳಿಗೆ. ಮನೆಮನೆಗೆ ಹೋಗಿರುವ ಹಳೆಯವುಗಳ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ. ಅಕ್ಷತಾ ಕೂಗಾಡಿದಳು. ಕೂಗಾಡುವುದು ಅವಳ ಸ್ವಭಾವ ಎಂದು ಎಲ್ಲರಿಗೂ ಗೊತ್ತಿದ್ದುದರಿಂದ ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಬ್ಬ ಹೆಣ್ಣುಮಗಳ ಮಾತನ್ನು ತಳ್ಳಿಹಾಕಲು ಇದಕ್ಕಿಂತ ಸಲೀಸಾದ ದಾರಿ ಇನ್ನೊಂದಿಲ್ಲ ನೋಡಿ: ಅಕಿ ಹಂಗ ಬಿಡ್ರಿ, ಸಿಟ್ಟಿನಾಕಿ.

ಸರಿ, ಚೀಟಿ ಅಂಟಿಸುವವರು ಅಂಟಿಸಲಿ ಎಂದು ಅವಳು ಲೇಥಿಗೆ ಕುಳಿತಳು. ಮುಚ್ಚಬೇಡಿ ಎಂದು ಬರೆಯುವುದಕ್ಕಿಂತ ಮುಚ್ಚಲಾಗದಂತೆ ಮಾಡಬೇಕು. ಮುಚ್ಚಲಾಗುತ್ತದೋ ಇಲ್ಲವೋ ಎಂದು ನೋಡುವವರು ಯಾರು? ಕಾರ್ಖಾನೆಯ ಹುಡುಗರಿಗೆ ಅದು ಆಸ್ಪತ್ರೆಯ ಸಾಮಾನು, ಮುಟ್ಟಲೂ ಹೆದರುತ್ತಾರೆ. ಅವಳಿಗೆ ಬೇಕಾದದ್ದು ಸೋರುವುದನ್ನು ಕಂಡರೆ ಕೈ ತಡೆಯದ ಮನುಷ್ಯ. ಹೊಸ ಕನೆಕ್ಟರ್ ತೆಗೆದುಕೊಂಡು ಮತ್ತೆ ಹಿಪ್ಪರಗಿಗೆ ಹೋದಳು.

"ಕಾಕಾ, ಇದನ್ನ ಬಂದ್ ಮಾಡ್ರಿ."

ಜಕ್ಕಪ್ಪ ಹಾವು ಕಂಡವನಂತೆ ಹಿಂದೆ ಸರಿದ. "ಒಲ್ಲೆವ್ವಾ. ಈ ಕೈಲೆ ಇನ್ನೊಮ್ಮೆ ಮುಟ್ಟಂಗಿಲ್ಲ."

"ಬಂದ್ ಆಗಬಾರದು ಅಂತ ಮಾಡೇನಿ. ನಿಮ್ಮ ಕೈಲೆ ಆಗಲಿಲ್ಲಂದ್ರ ಮತ್ಯಾರ ಕೈಲೇನೂ ಆಗಂಗಿಲ್ಲ."

ಅವನು ತಲೆ ಅಲ್ಲಾಡಿಸುತ್ತಲೇ ಇದ್ದ. ಸತ್ಯವ್ವ ಹೊರಸಿನಿಂದ ಇಳಿದಳು. ಮಾಡಿನ ಸಂದಿಯಲ್ಲಿ ಸಿಕ್ಕಿಸಿದ್ದ ಸೈಕಲ್ ಟ್ಯೂಬನ್ನು ತೆಗೆದು ಗಂಡನ ತೊಡೆಯ ಮೇಲೆ ಒಗೆದು, ಮಾಡು ಎಂಬಂತೆ ಗದ್ದ ಎತ್ತಿದಳು. ಆಕೆಯ ಕಣ್ಣಲ್ಲಿ ಕರುಣೆ ಗಿರುಣೆ ಏನೂ ಇರಲಿಲ್ಲ. ಹಾಸಿಗೆ ಹಿಡಿದ ತನಗಿಂತ ಸೊರಗಿ ಕುಳಿತ ಗಂಡನನ್ನು ನೋಡಿ ನೋಡಿ ಆಕೆಗೂ ರೇಗಿಹೋಗಿತ್ತು.

ಆ ದಿನ ಅವಳು ತಂದದ್ದರಲ್ಲಿ ಮೂರು ಕಡೆ ತೂತುಗಳಿದ್ದವು. ಜಕ್ಕಪ್ಪ ಮನಸ್ಸಿಲ್ಲದ ಮನಸ್ಸಿನಿಂದ ಪಟ್ಟಿ ಸುತ್ತಿದ. ಬೀಡಿ ಸೇದಿ ಮುಗಿಸುವಷ್ಟರಲ್ಲಿ ಮೂರೂ ಮುಚ್ಚಿ ಕೈಗಿಟ್ಟ. ಅಕ್ಷತಾ ಆಕ್ಸಿಜನ್ ಮೂತಿಯನ್ನು ಬೆರಳಿನಿಂದ ಒತ್ತಿಕೊಂಡು ಊದಿ ನೋಡಿದಳು, ಉಸಿರು ಮಿಸುಕಲಿಲ್ಲ. ಮುಖ ಕೆಂಪಗೆ ಮಾಡಿಕೊಂಡು ಹೊರಟುಹೋದಳು. ಮುಂದಿನ ಸಲ ತೂತಿನ ಸುತ್ತ ಗೋಡೆ ಕಟ್ಟಿ ತಂದಳು. ಅವನು ಗೋಡೆಯ ನಡುವೆ ಜೇಡಿಮಣ್ಣು ತುಂಬಿದ. "ಲೇ ಯವ್ವಾ, ಇದೇನ ದೊಡ್ಡ ಮಾತಲ್ಲ," ಎಂದ. ಎಷ್ಟೋ ದಿನದ ಮೇಲೆ ಅವನ ದನಿಯಲ್ಲಿ ತುಸು ಗತ್ತು ಬಂದಿತ್ತು. ಅಕ್ಷತಾಳಿಗೆ ಅವನ ಮೇಲೆ ಮೈ ಪರಚಿಕೊಳ್ಳುವಷ್ಟು ಸಿಟ್ಟು ಬಂತು, ಮತ್ತು ಆ ಸಿಟ್ಟಿನಲ್ಲೇ ಸ್ಕೂಟಿ ಓಡಿಸುತ್ತ ಬನಹಟ್ಟಿ ಮುಟ್ಟುವಷ್ಟರಲ್ಲಿ ಮುಂದಿನ ನಕ್ಷೆ ತಲೆಯಲ್ಲಿ ಕೂತಿತ್ತು.

ಕಡೆಗೆ ತಂದದ್ದು ಕೆಂಪು ಬಣ್ಣದ್ದು, ಹೊಲದ ಯಾವ ಸಾಮಾನನ್ನೂ ಹೋಲದ್ದು. ತೂತೇ ಇಲ್ಲ. ಮೈಯುದ್ದಕ್ಕೂ ಎದ್ದ ಏಣುಗಳು, ಏಣುಗಳ ನಡುವೆ ಒಳಗಿನವರೆಗೂ ಸೀಳಿದ ಆಳದ ಗೀರುಗಳು. ಮೇಲೆ ಏನು ಸುತ್ತಿದರೂ ಅದು ಏಣಿನ ಮೇಲೆ ಕೂರುತ್ತದೆ, ಗಾಳಿ ಕೆಳಗಿನ ಗೀರಿನಲ್ಲಿ ಹರಿದು ಎರಡೂ ತುದಿಯಿಂದ ಹೊರಬೀಳುತ್ತದೆ. ಅಷ್ಟಕ್ಕೂ ಹಟ ಹಿಡಿದು ಗೀರುಗಳನ್ನು ಯಾರಾದರೂ ತುಂಬಿದರೆ, ಒಳಗೆ ಒತ್ತಡ ಏರುತ್ತಲೇ ಆಕ್ಸಿಜನ್ ಮೂತಿಯೇ ಕಳಚಿ ಬೀಳುತ್ತದೆ, ಕುಕ್ಕರಿನ ಸೀಟಿ ಏಳುವ ಹಾಗೆ.

ಜಕ್ಕಪ್ಪ ಊಟ ಬಿಟ್ಟು ಕುಳಿತ. ಟ್ಯೂಬು ಸುತ್ತಿದ, ಅರಿವೆ ಸುತ್ತಿದ, ಮಣ್ಣು ಮೆತ್ತಿದ, ಪೈಪಿಗೆ ಹಚ್ಚುವ ಅಂಟು ತುಂಬಿದ. ನಳಿಕೆಯ ಬದಿಯನ್ನು ಅಂಗೈಯಿಂದ ಒತ್ತಿ ಹಿಡಿದು ಮಷಿನ್ನಿಗೆ ಹಚ್ಚಿದಾಗಲೆಲ್ಲ ಮೂತಿ ಫಟ್ ಎಂದು ಹಾರಿತು. ಮತ್ತೆ ಕೂರಿಸಿದ, ಮತ್ತೆ ಹಾರಿತು. ಸತ್ಯವ್ವ ಹಾರಿದಾಗಲೊಮ್ಮೆ ಬಳೆ ಬಡಿದು ನಕ್ಕಳು. ಸದ್ದಿಲ್ಲದ ನಗೆ, ಹೊಟ್ಟೆ ಮಾತ್ರ ಕುಣಿಯುತ್ತಿತ್ತು. ಹೊತ್ತು ಇಳಿದಾಗ ಅವನು ಅದನ್ನು ನೆಲಕ್ಕಿಟ್ಟು ಕೈ ಒರೆಸಿಕೊಂಡ.

"ಆಗಂಗಿಲ್ಲವ್ವಾ," ಎಂದ. ಮತ್ತೆ ಅದನ್ನೇ ಕೈಗೆತ್ತಿಕೊಂಡು ತಿರುಗಿಸಿ ನೋಡಿದ. ಅವನ ಮುಖ ನಿಧಾನವಾಗಿ ಬಿಗಿಯಿತು. "ಇದನ್ನ ಮೊದಲ ಯಾಕ ಮಾಡಲಿಲ್ಲ ನೀವು?"

ಅಕ್ಷತಾ ಇಷ್ಟು ದಿನ ಎಲ್ಲರ ಮೇಲೂ ಕೂಗಾಡಿದ್ದಳು. ಅವಳ ಮೇಲೆ ಯಾರೂ ಕೂಗಿರಲಿಲ್ಲ. ಈಗಲೂ ಜಕ್ಕಪ್ಪ ಕೂಗಲಿಲ್ಲ, ಸಿಟ್ಟಿನಿಂದ ಕೇಳಿದ ಅಷ್ಟೇ. ಆ ಸಿಟ್ಟು ನ್ಯಾಯದ್ದು ಎಂದು ಅವಳಿಗೆ ಗೊತ್ತಿತ್ತು. "ತಿಳೀಲಿಲ್ಲ ಕಾಕಾ," ಎಂದಳು.

"ಮತ್ತ ಉಳದ ಮನ್ಯಾಗಿನವು?"

"ತರಸವಲ್ರು."

"ಹಂಗಾರ ನಾವ ನೋಡಿ ಬರೂನು. ನಡೀ, ಗಾಡಿ ತಗಿ."

ಬಂದ ರವಿವಾರ ಇಬ್ಬರೂ ಹೊರಟರು. ಯಾವ ಯಾವ ಮನೆಗೆ ಮಷಿನ್ ಹೋಗಿದೆ ಎಂದು ಸಂಸ್ಥೆಯ ಡ್ರೈವರನಿಂದ ಅಕ್ಷತಾ ಮೊದಲೇ ಕೇಳಿ ತಿಳಿದಿದ್ದಳು. ಜಮಖಂಡಿಯ ಮನೆಯಲ್ಲಿ ತೂತು ತೆರೆದೇ ಇತ್ತು. ಮುಚ್ಚಬೇಡಿ ಎಂದು ಜಕ್ಕಪ್ಪ ತನ್ನ ಕತೆಯನ್ನೇ ಹೇಳಿದ, ಮನೆಯವರು ಬಾಯಿ ಬಿಟ್ಟು ಕೇಳಿದರು. ಮುಧೋಳದ ಹತ್ತಿರದ ತೋಟದ ಮನೆಯಲ್ಲಿ ತೂತಿನ ಮೇಲೆ ಬ್ಯಾಂಡೇಜಿನ ಪಟ್ಟಿ ಅರ್ಧ ಅಂಟಿತ್ತು, ಅರ್ಧ ಕಿತ್ತು ಬಂದಿತ್ತು. ಆ ಅರ್ಧದಿಂದಲೇ ಅಲ್ಲಿನ ಮುದುಕ ಬದುಕಿದ್ದ. ಅಕ್ಷತಾ ಪಟ್ಟಿ ಕಿತ್ತೊಗೆದಳು. ಇಬ್ಬರೂ ಹೊರಬಿದ್ದು ಬೀಳಗಿಯ ದಾರಿ ಹಿಡಿದರು.

ಬೀಳಗಿಯ ಮನೆಯವನ ಹೆಸರು ಸಿದರಾಯ. ಮೂವತ್ತು ದಾಟಿರದ ರೈತ. ಬಂದವರು ಮಷಿನ್ನಿನವರು ಎಂದು ಕೇಳುತ್ತಲೇ ಚಾಪೆ ಹಾಸಿದ, ನೀರು ತಂದ. ಗೋಡೆಯ ಮೇಲೆ ಅವನ ತಾಯಿ ತಾಯವ್ವನ ಫೋಟೋ, ಅದಕ್ಕೆ ಹೊಸ ಹಾರ.

"ಹೋದ ತಿಂಗಳ ತೀರಕೊಂಡ್ಲುರಿ," ಎಂದ. "ರೋಗ ಬಲತಿತ್ತು, ಆಗೂದ ಇತ್ತು ಅಂತಾರ ಎಲ್ಲಾರೂ. ನಿಮ್ಮ ಮಷಿನ್ ಭಾಳ ಆಸರಾತ್ರಿ. ಎಲ್ಲಾ ತೊಳದ್ ಇಟ್ಟೇನಿ, ನಿಮಗ ತಿರುಗಿ ಮುಟ್ಟಿಸಬೇಕಂತ."

ಒಳಗಿನಿಂದ ಅವನು ಒಂದು ಚೀಲ ತಂದ. ಪೈಪು ನೀಟಾಗಿ ಸುರುಳಿ ಸುತ್ತಿತ್ತು, ಕನೆಕ್ಟರ್ ಫಳಫಳ ಹೊಳೆಯುತ್ತಿತ್ತು. ಅದರ ತೂತಿನಲ್ಲಿ ನೀಲಿ ಬುಚ್ಚು ಕುಳಿತಿತ್ತು. ಶಿದ್ರಾಮಪ್ಪನವರ ಕಾರ್ಖಾನೆಯ ಬುಚ್ಚು, ಹೊಲದ ಪೈಪಿನದು.

"ಕೊನೀ ದಿನ ತಂದ ಹಾಕಿದ್ನಿರಿ," ಎಂದ ಸಿದರಾಯ. "ಸೋರಾಕತ್ತಿತ್ತು. ನಿಮ್ಮ ಬುಚ್ಚ ಬರಾಬರ್ ಕುಂತಿತು. ಅಕಿಗೆ ಪೂರಾ ಗಾಳಿ ಸಿಗಲಿ ಅಂತ. ಛಲೋ ಮಾಡೇನಿಲ್ರಿ?"

ಬರಾಬರ್ ಕೂರದೆ ಏನು? ಅಚ್ಚಿನಲ್ಲಿ ತೂತು ಬಿಡಿಸುವ ಮೊಳೆಯನ್ನು ಅಕ್ಷತಾ ಹೊಸದಾಗಿ ಕಡೆಸಿರಲಿಲ್ಲ. ಜಾಯಿಂಟಿನ ಹಳೆಯ ಅಚ್ಚಿನ ಮೊಳೆಯನ್ನೇ ತೆಗೆದು ಇದಕ್ಕೆ ಹಾಕಿದ್ದಳು; ತೂತಿನ ಅಳತೆಯೂ ಅದೇ ಆಗಿತ್ತು. ಕೈಗೆ ಸಿಕ್ಕಿತ್ತು, ಹಾಕಿದ್ದಳು. ಆಗ ಅದೊಂದು ವಿಚಾರ ಮಾಡುವ ಸಂಗತಿ ಎಂದೂ ಅನಿಸಿರಲಿಲ್ಲ. ಮನುಷ್ಯರ ಗಂಟಲಿಗೆ ಹಚ್ಚುವ ಸಾಮಾನಿಗೆ ಹೊಲದ ಬುಚ್ಚು ಕೂರಬಾರದು. ಅಷ್ಟು ಸಣ್ಣ ಮಾತು ಅವಳ ತಲೆಗೆ ಹೊಳೆದಿರಲಿಲ್ಲ. ಅವಳು ಬಾಯಿ ತೆರೆದಳು. ಏನು ಹೇಳಲು ಹೊರಟಿದ್ದಳೋ ಅವಳಿಗೇ ಗೊತ್ತಿಲ್ಲ.

ಜಕ್ಕಪ್ಪ ಅವಳ ಕೈ ಒತ್ತಿ ಹಿಡಿದ. "ಛಲೋ ಮಾಡೀದಿ ಮಗನ," ಎಂದ ಸಿದರಾಯನಿಗೆ. "ಅವ್ವನ ಸೇವಾ ಛಲೋ ಮಾಡೀದಿ."

ಸಿದರಾಯ ಕಣ್ಣೊರೆಸಿಕೊಂಡ. ಚಹಾ ಕುಡಿಯದೆ ಕಳಿಸುವುದಿಲ್ಲ ಎಂದ. ಅವರು ಕುಡಿದರು.

ಹೊರಗೆ ಬಂದು ಸ್ಕೂಟಿಯ ಬಳಿ ನಿಂತಾಗ ಅಕ್ಷತಾ ಬಿಕ್ಕಿದಳು. "ಸುಳ್ಳ ಯಾಕ ಹೇಳಿದ್ರಿ ಕಾಕಾ? ಅವಂಗ ಗೊತ್ತಾಗೂದು ಬ್ಯಾಡೇನು?"

"ಗೊತ್ತಾದ್ರ ಅಂವ ಏನ ಮಾಡಬೇಕು?" ಜಕ್ಕಪ್ಪನ ದನಿ ಏರಿತು. "ನನಗರ ಸತ್ಯವ್ವ ಉಳದಾಳು, ದಿನಾ ಬಳಿ ಬಡದ್ ಬೈತಾಳು. ಅವಂಗ ಯಾರದಾರ? ಅವಂಗ ಹೇಳಬ್ಯಾಡ. ನಿಮ್ಮ ಸಾವ್ಕಾರಗ ಹೇಳು."

ಬನಹಟ್ಟಿ ಮುಟ್ಟಿದಾಗ ರವಿವಾರವಾದರೂ ಆಫೀಸು ತೆರೆದಿತ್ತು. ಶಿದ್ರಾಮಪ್ಪ ಮತ್ತು ಸುಭಾಷ್ ಹೊಸ ಚೀಟಿಯ ಮಾದರಿ ಹಿಡಿದುಕೊಂಡು ಯಾವ ಬಣ್ಣ ಚಂದ ಎಂದು ನೋಡುತ್ತಿದ್ದರು. ಅಕ್ಷತಾ ಬೀಳಗಿಯಿಂದ ತಂದ ಕನೆಕ್ಟರನ್ನು ಆ ಚೀಟಿಯ ಮೇಲೆ ಇಟ್ಟಳು. ಅವಳ ದನಿ ಆ ದಿನ ಏರಲಿಲ್ಲ. ಮೆತ್ತಗೆ ಮಾತಾಡಲು ಅವಳಿಗೆ ಬರುತ್ತದೆ ಎಂದು ಶಿದ್ರಾಮಪ್ಪನವರಿಗೆ ಅಂದೇ ಗೊತ್ತಾದದ್ದು.

"ಬೀಳಗಿ ತಾಯವ್ವ ಅನ್ನಾಕಿದು. ಸತ್ತ ಹ್ವಾದ್ಲು. ಬುಚ್ಚ ನಮ್ಮದು. ತೂತ ನಂದು."

"ರೋಗದಿಂದನ ಸತ್ತಿರಬೇಕು," ಎಂದರು ಸುಭಾಷ್.

"ಇರಬೇಕ್ರಿ. ನಿಮಗ ಖಾತ್ರಿ ಐತೇನ್ರಿ?"

ಶಿದ್ರಾಮಪ್ಪ ಕನೆಕ್ಟರನ್ನು ಕೈಗೆತ್ತಿಕೊಂಡು ಬುಚ್ಚನ್ನು ಎಳೆದರು. ಬರಲಿಲ್ಲ. ಉಗುರು ಸಿಕ್ಕಿಸಿ ಎಳೆದರು. ಬರಲಿಲ್ಲ. ಒಮ್ಮೆ ಕುಳಿತರೆ ಬರಬಾರದೆಂದೇ ಅದನ್ನು ಅವರು ಮಾಡಿಸಿದ್ದು. ಹಲ್ಲಿನಲ್ಲಿ ಕಚ್ಚಿ ಎಳೆಯಲು ಹೋದರು, ಅದು ಯಾರ ಗಂಟಲಿನ ಮೇಲಿದ್ದ ಸಾಮಾನೆಂದು ನೆನಪಾಗಿ ಕೈ ಇಳಿಸಿದರು. ಆಮೇಲೆ ಎದ್ದು ಬಾಗಿಲಿಗೆ ಹೋಗಿ, ಹೊರಗೆ ನಿಂತಿದ್ದ ಸಂಸ್ಥೆಯ ಡ್ರೈವರನನ್ನು ಕೂಗಿದರು.

"ಗಾಡಿ ತಗೀಲೇ. ಎಲ್ಲಾ ಮನೀಗೆ ಹೋಗೂದೈತಿ. ಇವತ್ತ."